ಅಂಗಡಿ ತೆರೆದಾಯಿತು, ಗಿರಾಕಿ ಎಲ್ಲಿ?

ಬೆಂಗಳೂರು–ಮೈಸೂರು ದಶಪಥ ಹೆದ್ದಾರಿ 2023ರ ಮಾರ್ಚ್‌ನಲ್ಲಿ ಉದ್ಘಾಟನೆಯಾದ ಮೇಲೆ ಮಂಡ್ಯ, ಮದ್ದೂರಿನ ಹಳೆಯ ರಸ್ತೆಬದಿಯ ವ್ಯಾಪಾರಿಗಳಿಗೆ ಒಂದು ಸಂಗತಿ ಮನದಟ್ಟಾಯಿತು: ಬೈಪಾಸ್ ಬಂದರೆ ವಡೆ ಎಷ್ಟೇ ಗರಿಗರಿಯಾಗಿದ್ದರೂ ಕಾರು ನಿಲ್ಲುವುದಿಲ್ಲ. ಆನ್‌ಲೈನ್ ಅಂಗಡಿಗೆ ಹುಟ್ಟುವಾಗಲೇ ಈ ಗತಿ. ಮೈಸೂರಿನ ಸಯ್ಯಾಜಿ ರಾವ್ ರಸ್ತೆಯಲ್ಲಿ ಬಾಗಿಲು ತೆಗೆದರೆ ದಾರಿಹೋಕರಾದರೂ ಇಣುಕುತ್ತಾರೆ. ಇಲ್ಲಿ ದಾರಿಯನ್ನೂ ನಾವೇ ಹಾಕಬೇಕು.

ಮಂಡ್ಯದಲ್ಲಿರುವ ನನ್ನ ಅತ್ತಿಗೆ ಆಲೆಮನೆ ಬೆಲ್ಲ ಮಾರಲು ಇಂಥದೊಂದು ಅಂಗಡಿ ತೆರೆದು, ಮೊದಲ ವಾರವೇ ಜಾಹೀರಾತಿಗೆ ಹಣ ಸುರಿದರು. ಜನ ಬಂದರು, ಬಂದ ಹಾಗೆಯೇ ಹೋದರು. ಆಮೇಲೆ ಇಬ್ಬರೂ ಕುಳಿತು ಮಾಡಿದ್ದನ್ನು ಕ್ರಮವಾಗಿ ಹೇಳುತ್ತೇನೆ.

ಮೊದಲು, ಗೂಗಲ್‌ಗೆ ವಿಳಾಸ ಕೊಡಿ

ಜಾಲತಾಣದ ಒಡೆಯರಿಗೆಂದೇ ಗೂಗಲ್ ಕೊಟ್ಟಿರುವ ಸರ್ಚ್ ಕನ್ಸೋಲ್ ಎಂಬ ಸೇವೆಯಲ್ಲಿ ಅಂಗಡಿಯ ಜಾಲತಾಣವನ್ನು ಸೇರಿಸಿ, ಅದು ನಿಮ್ಮದೇ ಎಂದು ಖಚಿತಪಡಿಸಿ, ಪುಟಗಳ ಪಟ್ಟಿಯಾದ ಸೈಟ್‌ಮ್ಯಾಪ್ ಸಲ್ಲಿಸಿ. ಇದಕ್ಕೆ ಕಾಸು ಬೇಕಿಲ್ಲ, ತಾಳ್ಮೆ ಬೇಕು. ಹುಡುಕಾಟದಲ್ಲಿ ಕಾಣಿಸಿಕೊಳ್ಳಲು ಕೆಲವು ದಿನ, ಕೆಲವೊಮ್ಮೆ ವಾರಗಳೇ ಹಿಡಿಯುತ್ತವೆ. ಗಿರಾಕಿಗಳು ನೇರವಾಗಿ ಬಂದು ಕೊಳ್ಳುವ ಜಾಗವೂ ಇದ್ದರೆ ಗೂಗಲ್ ಬಿಸಿನೆಸ್ ಪ್ರೊಫೈಲ್ ಮಾಡಿ ನಕ್ಷೆಯಲ್ಲಿ ಗುರುತು ಹಾಕಿಸಿಕೊಳ್ಳಿ. ಅದೂ ಉಚಿತ.

ಎರಡನೆಯದು, ಜನರ ಬಾಯಲ್ಲಿರುವ ಹೆಸರಿಡಿ

ಅತ್ತಿಗೆ ಇಟ್ಟಿದ್ದ ಶೀರ್ಷಿಕೆ ‘ಪ್ರಕೃತಿಯ ಸಿಹಿ ಕೊಡುಗೆ’. ಹಾಗೆಂದು ಟೈಪ್ ಮಾಡಿ ಬೆಲ್ಲ ಹುಡುಕುವವರನ್ನು ನಾನಂತೂ ಕಂಡಿಲ್ಲ. ‘ಮಂಡ್ಯದ ಅಚ್ಚು ಬೆಲ್ಲ, ಹೈಡ್ರೋಸ್ ಹಾಕದ್ದು, 1 ಕೆ.ಜಿ.’ ಎಂದು ಬದಲಾಯಿಸಿದೆವು. (ಹೈಡ್ರೋಸ್ ಎಂದರೆ ಬೆಲ್ಲದ ಬಣ್ಣ ತಿಳಿಯಾಗಿಸಲು ಹಾಕುವ ರಾಸಾಯನಿಕ.) ಉಂಡೆ ಬೆಲ್ಲಕ್ಕೊಂದು, ಬೆಲ್ಲದ ಪುಡಿಗೊಂದು ಪ್ರತ್ಯೇಕ ಪುಟ ಮಾಡಿದೆವು. ಕನ್ನಡ ಪದಗಳನ್ನು ಇಂಗ್ಲಿಷ್ ಅಕ್ಷರಗಳಲ್ಲಿ ಹುಡುಕುವವರೂ ಇರುವುದರಿಂದ ಎರಡೂ ಲಿಪಿಗಳಲ್ಲಿ ಹೆಸರಿರಲಿ. ಚಿತ್ರದ ಫೈಲಿಗೂ ಕ್ಯಾಮೆರಾ ಕೊಟ್ಟ ಅಂಕಿಗಳ ಬದಲು ವಸ್ತುವಿನ ಹೆಸರನ್ನೇ ಕೊಡಿ.

ಮೂರನೆಯದು, ಕೇಳಿದ ಪ್ರಶ್ನೆಗೆ ಉತ್ತರ ಬರೆಯಿರಿ

ನನ್ನನ್ನು ಕೇಳಿದರೆ ಅರ್ಧ ಕೆಲಸ ಇಲ್ಲಿಯೇ ಇದೆ. ಫೋನಿನಲ್ಲಿ ಗಿರಾಕಿಗಳು ಪದೇ ಪದೇ ಕೇಳುವುದನ್ನು ಒಂದು ಪುಸ್ತಕದಲ್ಲಿ ಬರೆದಿಟ್ಟುಕೊಳ್ಳಿ. ಅತ್ತಿಗೆಯ ಪುಸ್ತಕದಲ್ಲಿ ಎರಡು ಪ್ರಶ್ನೆಗಳು ಪುಟ ಪುಟದಲ್ಲೂ ಇದ್ದವು: ‘ಬೆಲ್ಲ ಇಷ್ಟು ಕಪ್ಪಗಿದೆಯಲ್ಲ, ಏಕೆ?’ ಮತ್ತು ‘ಪಾಯಸಕ್ಕೆ ಹಾಕಿದರೆ ಹಾಲು ಒಡೆಯುತ್ತದೆಯಲ್ಲ?’

ಮೊದಲನೆಯದಕ್ಕೆ ಆಲೆಮನೆಗೇ ಹೋಗಿ ಮೊಬೈಲ್‌ನಲ್ಲಿ ಚಿತ್ರೀಕರಿಸಿಕೊಂಡು ಬಂದೆವು. ಕೊಪ್ಪರಿಗೆಯಲ್ಲಿ ಕಬ್ಬಿನ ಹಾಲು ಉಕ್ಕುವುದು, ಮೇಲೆ ತೇಲುವ ಕೊಳೆಯನ್ನು ಜಾಲರಿಯಿಂದ ತೆಗೆಯುವುದು, ಪಾಕವನ್ನು ಅಚ್ಚಿಗೆ ಸುರಿಯುವುದು, ಇಷ್ಟೇ. ಹೊಂಬಣ್ಣ ಬರಲೆಂದು ಕೆಲವೆಡೆ ಹೈಡ್ರೋಸ್ ಹಾಕುತ್ತಾರೆ, ಅದಿಲ್ಲದ ಬೆಲ್ಲ ಸಾಮಾನ್ಯವಾಗಿ ಕಂದಾಗಿಯೇ ಇರುತ್ತದೆ ಎಂದು ಕೆಳಗೆ ನಾಲ್ಕು ಸಾಲು ಬರೆದೆವು. ಎರಡನೆಯದಕ್ಕೆ ಅಡುಗೆಮನೆಯ ಉತ್ತರವೇ ಸಾಕಾಯಿತು: ಬೆಲ್ಲದಲ್ಲಿ ತುಸು ಹುಳಿಯ ಅಂಶವಿರುತ್ತದೆ, ಕುದಿಯುವ ಹಾಲಿಗೆ ಬಿದ್ದರೆ ಒಡೆಯಬಹುದು; ಒಲೆ ಆರಿಸಿ, ಹಾಲು ಸ್ವಲ್ಪ ಆರಿದ ಮೇಲೆ, ಕರಗಿಸಿ ಸೋಸಿದ ಬೆಲ್ಲ ಬೆರೆಸಿ. ಪಾಯಸ ಕೆಟ್ಟು ಕಂಗಾಲಾದವರು ಈ ಪುಟಕ್ಕೆ ತಾವಾಗಿಯೇ ಬರುತ್ತಾರೆ. ಕೊಳ್ಳುವ ಗುಂಡಿ ಅಲ್ಲೇ ಕೆಳಗಿರುತ್ತದೆ.

ನಾಲ್ಕನೆಯದು, ಹಬ್ಬಕ್ಕಿಂತ ಮುಂಚೆ ಏಳಿ

ಜನವರಿಯ ಸಂಕ್ರಾಂತಿಗೆ ಎಳ್ಳುಬೆಲ್ಲದ ಪುಟ ನವೆಂಬರ್‌ನಲ್ಲೇ ಸಿದ್ಧವಾಗಬೇಕು. ಹಬ್ಬ ಮುಗಿಯಿತೆಂದು ಅದನ್ನು ಅಳಿಸಬೇಡಿ. ಮುಂದಿನ ವರ್ಷ ಅದೇ ಪುಟದಲ್ಲಿ ಬೆಲೆ ತಿದ್ದಿದರೆ ಆಯಿತು.

ಐದನೆಯದು, ಪೊಟ್ಟಣದೊಳಗೊಂದು ಚೀಟಿ

ಒಮ್ಮೆ ಕೊಂಡವರನ್ನು ಮತ್ತೆ ಕರೆತರಲು ವಾಟ್ಸ್‌ಆ್ಯಪ್‌ನ ಬ್ರಾಡ್‌ಕಾಸ್ಟ್ ಪಟ್ಟಿ, ಅಂದರೆ ಒಂದೇ ಸಂದೇಶವನ್ನು ಹಲವರಿಗೆ ಬೇರೆ ಬೇರೆಯಾಗಿ ಕಳುಹಿಸುವ ಪಟ್ಟಿ, ಸಾಕು. ಒಂದು ಪಟ್ಟಿಗೆ 256 ಜನರನ್ನು ಸೇರಿಸಬಹುದು. ಆದರೆ ನಿಮ್ಮ ನಂಬರನ್ನು ತಮ್ಮ ಮೊಬೈಲ್‌ನಲ್ಲಿ ಉಳಿಸಿಕೊಂಡವರಿಗೆ ಮಾತ್ರ ಸಂದೇಶ ತಲುಪುತ್ತದೆ. ಆದ್ದರಿಂದ ‘ಈ ನಂಬರ್ ಉಳಿಸಿಕೊಳ್ಳಿ, ಹೊಸ ಬೆಲ್ಲ ಬಂದಾಗ ತಿಳಿಸುತ್ತೇವೆ’ ಎಂಬ ಚೀಟಿಯನ್ನು ಕ್ಯೂಆರ್ ಕೋಡ್ ಸಮೇತ ಪೊಟ್ಟಣದೊಳಗೆ ಇಡಿ. ದಿನಾ ಬೆಳಿಗ್ಗೆ ಹೂವಿನ ಚಿತ್ರದ ಶುಭೋದಯ ಕಳುಹಿಸಿದರೆ ಬ್ಲಾಕ್ ಆಗುತ್ತೀರಿ.

ಇಷ್ಟಾದ ಮೇಲೆ ಜಾಹೀರಾತು

ಅದಕ್ಕೂ ಮೊದಲು ಒಂದು ಹಳೆಯ ಮೊಬೈಲ್ ಹಿಡಿದು ನಿಮ್ಮ ಅಂಗಡಿಯಿಂದ ನೀವೇ ಒಂದು ಕೆ.ಜಿ. ಬೆಲ್ಲ ಕೊಂಡು ನೋಡಿ. ಅತ್ತಿಗೆಯ ಅಂಗಡಿಯಲ್ಲಿ ಸಾಗಣೆ ವೆಚ್ಚ ಕಾಣಿಸುತ್ತಿದ್ದುದು ಕೊನೆಯ ಪುಟದಲ್ಲಿ, ಹಣ ಕಟ್ಟುವ ಹೊತ್ತಿಗೆ. ಬಂದವರು ಬಂದ ಹಾಗೆಯೇ ಹೋಗಿದ್ದು ಏಕೆಂದು ಅಂದು ಗೊತ್ತಾಯಿತು. ಈಗ ಅದನ್ನು ಬೆಲೆಯ ಪಕ್ಕದಲ್ಲೇ ಹಾಕಿದ್ದಾರೆ.

ತಿಂಗಳಿಗೊಮ್ಮೆ ಸರ್ಚ್ ಕನ್ಸೋಲ್ ತೆರೆದು, ಜನ ಯಾವ ಪದ ಹುಡುಕಿದಾಗ ನಿಮ್ಮ ಅಂಗಡಿ ಕಾಣಿಸಿತು ಎಂಬ ಪಟ್ಟಿ ನೋಡಿ. ಹೋದ ತಿಂಗಳು ಅತ್ತಿಗೆಯ ಪಟ್ಟಿಯಲ್ಲಿ ‘ಜೋನಿ ಬೆಲ್ಲ’, ಅಂದರೆ ಗಟ್ಟಿಯಾಗದ ದ್ರವ ಬೆಲ್ಲ, ಇತ್ತು. ಮಲೆನಾಡಿನವರು ಯಾರೋ ಹುಡುಕಿರಬೇಕು. ಇವರ ಅಂಗಡಿಯಲ್ಲಿ ಅದಿರಲಿಲ್ಲ. ಆಲೆಮನೆಯವರಿಗೆ ಐದು ಡಬ್ಬಿ ಹೇಳಿಟ್ಟಿದ್ದಾರೆ.