ಸವಳು ನೀರಿನ ಊರಲ್ಲಿ ಹಳೇ ಗೀಸರ್: ರಿಪೇರಿಯೋ, ಹೊಸದೋ?

ನೀರು ತುಂಬುವ ಹಬ್ಬದ ಹಿಂದಿನ ದಿನ ಗೀಸರ್ ಸ್ವಿಚ್ ಹಾಕಿ, ನೀರು ಕಾಯಲಿಲ್ಲವೆಂದು ಮೆಕ್ಯಾನಿಕ್‌ನನ್ನು ಹುಡುಕಹೊರಟರೆ ವಿಜಯಪುರದಲ್ಲಾಗಲಿ ಬಾಗಲಕೋಟೆಯಲ್ಲಾಗಲಿ ಯಾರೂ ಸುಲಭಕ್ಕೆ ಸಿಗುವುದಿಲ್ಲ. ಸಿಕ್ಕವರೂ ಅವಸರದಲ್ಲಿ "ಹಳೇದಾಗೇತ್ರಿ, ಹೊಸಾದ ಹಾಕಸ್ರಿ" ಅಂದುಬಿಡುತ್ತಾರೆ. ದಸರಾ ಮುಗಿದ ಕೂಡಲೇ ಅರ್ಧ ದಿನ ಇದಕ್ಕೆ ಇಟ್ಟುಕೊಂಡರೆ ಆ ಮಾತು ನಿಜವೋ ಸುಳ್ಳೋ ನೀವೇ ತಿಳಿಯಬಹುದು.

ಮೊದಲು ನೋಡಬೇಕಾದದ್ದು ಒಳಗಿನ ಟ್ಯಾಂಕು. ಅದು ಗಟ್ಟಿಯಿದ್ದರೆ ಕಾಯಿಲ್, ಕಾವು ಹಿಡಿತದಲ್ಲಿಡುವ ಥರ್ಮೋಸ್ಟಾಟ್, ಗ್ಯಾಸ್ಕೆಟ್, ವಾಲ್ವ್ ಎಲ್ಲವೂ ಅಂಗಡಿಯಲ್ಲಿ ಸಿಗುವ ಬಿಡಿಭಾಗಗಳು. ಎಂಟು ವರ್ಷದ ಗೀಸರಾದರೂ ರಿಪೇರಿಗೆ ಯೋಗ್ಯ. ಟ್ಯಾಂಕಿಗೇ ತೂತು ಬಿದ್ದಿದ್ದರೆ ಎರಡು ವರ್ಷದ್ದಾದರೂ ಅದರ ಕತೆ ಮುಗಿದಂತೆ. ವಾರಂಟಿ ಕಾಗದ ಹುಡುಕಿ. ಬೆಸುಗೆ ಹಾಕಿಸಿ ನೋಡೋಣ ಎಂಬ ಆಸೆ ಬೇಡ. ಬೆಸುಗೆಯ ಕಾವಿಗೆ ಒಳಗಿನ ಗಾಜಿನ ಲೇಪ ಸುತ್ತಲೂ ಸಿಡಿಯುತ್ತದೆ, ಮುಂದಿನ ತುಕ್ಕು ಅಲ್ಲಿಂದಲೇ ಶುರುವಾಗುತ್ತದೆ.

ಸೋರುತ್ತಿದೆ ಎಂದ ಮಾತ್ರಕ್ಕೆ ಟ್ಯಾಂಕು ಹೋಯಿತು ಎಂದಲ್ಲ. ಮೇನ್ ಬೋರ್ಡಿನಲ್ಲಿ ಗೀಸರಿನ ಎಂಸಿಬಿ ಇಳಿಸಿ. ಗೋಡೆಯ ಸ್ವಿಚ್ ಒಂದನ್ನೇ ನಂಬಬೇಡಿ, ಹಳೆ ಮನೆಗಳಲ್ಲಿ ಅದು ಎಷ್ಟೋ ಸಲ ನ್ಯೂಟ್ರಲ್‌ಗೆ ಕೂತಿರುತ್ತದೆ, ಆರಿಸಿದರೂ ಒಳಗೆ ಕರೆಂಟು ಇರುತ್ತದೆ. ಗೀಸರಿನ ತಳವನ್ನು ಒಣ ಬಟ್ಟೆಯಿಂದ ಪೂರ್ತಿ ಒರೆಸಿ. ಒಳಬರುವ ಮತ್ತು ಹೊರಹೋಗುವ ಪೈಪಿನ ನಟ್ಟು, ಕೆಳಗಿನ ಮುಚ್ಚಳದೊಳಗಿನ ಫ್ಲ್ಯಾಂಜ್ (ಕಾಯಿಲ್ ಕೂರುವ ಲೋಹದ ತಟ್ಟೆ), ಸೇಫ್ಟಿ ವಾಲ್ವ್, ಈ ನಾಲ್ಕು ಕಡೆ ಒಣ ಪೇಪರ್ ತುಂಡು ಒತ್ತಿ ಅರ್ಧ ಗಂಟೆ ಬಿಡಿ. ಯಾವ ಪೇಪರ್ ಒದ್ದೆಯಾಯಿತೋ ಅಲ್ಲೇ ಸೋರಿಕೆ. ನಟ್ಟಿನದಾದರೆ ಟೆಫ್ಲಾನ್ ಟೇಪ್, ಫ್ಲ್ಯಾಂಜಿನದಾದರೆ ಹೊಸ ರಬ್ಬರ್ ಗ್ಯಾಸ್ಕೆಟ್ ಸಾಕು. ನಾಲ್ಕೂ ಒಣಗಿದ್ದು, ಹೊರಕವಚದ ಜೋಡಣೆಯಿಂದ ಕಂದು ಬಣ್ಣದ ಹನಿ ಇಳಿಯುತ್ತಿದ್ದರೆ ಅದು ಟ್ಯಾಂಕಿನದು. ಒಳಗಿನ ಫೋಮು ನೀರು ಕುಡಿದು ನಿಧಾನವಾಗಿ ಬಿಡುವುದರಿಂದ ಹನಿ ತೂತಿನ ನೇರಕ್ಕೇ ಬೀಳುವುದಿಲ್ಲ.

ಸೇಫ್ಟಿ ವಾಲ್ವ್ ತೊಟ್ಟಿಕ್ಕುವುದನ್ನು ಕಂಡು ಗಾಬರಿಯಾಗುವವರೇ ಹೆಚ್ಚು. 25 ಲೀಟರ್ ನೀರು 20 ಡಿಗ್ರಿಯಿಂದ 60 ಡಿಗ್ರಿಗೆ ಕಾದರೆ ಹಿಗ್ಗಿ ಸುಮಾರು 375 ಮಿಲಿ ಹೆಚ್ಚಾಗುತ್ತದೆ. ಒಳದಾರಿಯಲ್ಲಿ ನೀರು ಹಿಂದೆ ಹೋಗದಂತೆ ತಡೆ ಇರುವಾಗ ಅಷ್ಟು ನೀರು ಆ ವಾಲ್ವಿನಿಂದಲೇ ಹೊರಬರಬೇಕು. ಕಾಯುವಾಗ ಮಾತ್ರ ತೊಟ್ಟಿಕ್ಕಿದರೆ ಅದು ತನ್ನ ಕೆಲಸ ಮಾಡುತ್ತಿದೆ. ಕರೆಂಟು ಆರಿಸಿ ನೀರು ತಣ್ಣಗಾದ ಮೇಲೂ ಬಿಡದೆ ಸುರಿದರೆ ವಾಲ್ವ್ ಬದಲಿಸಿ. ಕಡ್ಡಿ ಚುಚ್ಚಿ, ಎಂಸೀಲ್ ಮೆತ್ತಿ ಮುಚ್ಚಿದವರ ಗೀಸರ್ ಸಿಡಿಯುವ ಮದ್ದಿನ ಡಬ್ಬಿ.

ಇನ್ನು ನೀರಿನ ವಿಷಯ. ಬೆಳಗಾವಿಯಲ್ಲಿ ರಕ್ಕಸಕೊಪ್ಪದ ನಲ್ಲಿ ನೀರು ಬರುವ ಮನೆಗೂ, ವಿಜಯಪುರದಲ್ಲಿ ಕೊಲ್ಹಾರದ ಕೃಷ್ಣಾ ನೀರು ಸಾಲದೆ ಬೋರಿನ ನೀರು ಏರಿಸುವ ಮನೆಗೂ ಒಂದೇ ಲೆಕ್ಕ ಹಾಕಲಾಗದು. ಕುಡಿಯುವ ನೀರಿನ ಗಡಸುತನಕ್ಕೆ ಭಾರತೀಯ ಮಾನಕ ಹೇಳುವ ಮಿತಿ ಲೀಟರಿಗೆ 200 ಮಿಲಿಗ್ರಾಂ, ಬೇರೆ ಮೂಲ ಇಲ್ಲದಿದ್ದರೆ 600. ಸಾಬೂನು ನೊರೆ ಬಾರದ, ಬಕೆಟ್ಟಿನ ಅಂಚಿಗೆ ಬಿಳಿ ಪದರ ಕಟ್ಟುವ ಸವಳು ನೀರಾದರೆ ಗೀಸರಿನೊಳಗೂ ಅದೇ ಸುಣ್ಣ ಕೂರುತ್ತದೆ. ನೀರು ಕಾದಷ್ಟೂ ಹೆಚ್ಚು ಕೂರುತ್ತದೆ, ಅದಕ್ಕೇ ಗುಂಡಿಯನ್ನು ಕೊನೆಯತನಕ ತಿರುಗಿಸದೆ 50-55 ಡಿಗ್ರಿಗೆ ಇಡುವುದು ಲೇಸು.

ಸುಣ್ಣ ಕಟ್ಟಿದರೆ ಕರೆಂಟು ಬಿಲ್ಲು ಏರುತ್ತದೆ ಎನ್ನುವವರಿದ್ದಾರೆ. ಕಾಯಿಲ್ ನೀರಿನಲ್ಲೇ ಮುಳುಗಿರುವಾಗ ಅದರ ಶಾಖ ಹೋಗುವುದು ನೀರಿಗೇ. ಬಿಲ್ಲಿನಲ್ಲಿ ದೊಡ್ಡ ವ್ಯತ್ಯಾಸ ಕಾಣದು. ಪೆಟ್ಟು ಬೀಳುವುದು ಕಾಯಿಲಿಗೆ: ಸುಣ್ಣದ ಕಂಬಳಿ ಹೊದ್ದು ಒಳಗೇ ಬೆಂದು ಅದರ ಹೊರತಗಡು ಸೀಳುತ್ತದೆ, ಸೀಳಿದ ದಿನ ಕರೆಂಟು ಸೋರಿದರೆ ಲೈನು ಕಡಿಯುವ ಆರ್‌ಸಿಸಿಬಿ ಬೀಳುತ್ತದೆ. ಆರ್‌ಸಿಸಿಬಿ ಇಲ್ಲದ ಮನೆಯಲ್ಲಿ ನಲ್ಲಿ ಮುಟ್ಟಿದರೆ ಜುಮ್ಮೆನ್ನಬಹುದು. ಆ ಕ್ಷಣವೇ ಬಳಕೆ ನಿಲ್ಲಿಸಿ, 30 ಮಿಲಿಆಂಪ್‌ನ ಆರ್‌ಸಿಸಿಬಿ ಮತ್ತು ಅರ್ಥಿಂಗ್ ಸರಿಯಾಗುವವರೆಗೆ ಹೊಸ ಗೀಸರನ್ನೂ ಹಾಕಬೇಡಿ.

ಕಾಯಿಲ್ ಪರೀಕ್ಷೆ ಸುಲಭ. ಕರೆಂಟು ತೆಗೆದು, ವೈರು ಬಿಚ್ಚಿ, ಮಲ್ಟಿಮೀಟರನ್ನು ಅದರ ಎರಡು ತುದಿಗೆ ಹಿಡಿಯಿರಿ. 2000 ವಾಟ್‌ನದಾದರೆ ಸುಮಾರು 26 ಓಮ್ ತೋರಿಸಬೇಕು. ಏನೂ ತೋರಿಸದಿದ್ದರೆ ಒಳಗಿನ ತಂತಿ ತುಂಡಾಗಿದೆ. ಒಂದು ತುದಿಗೂ ಕಾಯಿಲಿನ ಹೊರತಗಡಿಗೂ ಹಿಡಿದಾಗ ಓಮ್ ಬಂದರೆ ಕರೆಂಟು ಲೀಕೇಜ್. ಎರಡರಲ್ಲಿ ಯಾವುದಾದರೂ ಕಾಯಿಲ್ ಬದಲಿಸಿ. ತಾಮ್ರದ್ದಕ್ಕಿಂತ ಇಂಕೊಲಾಯ್ (ನಿಕಲ್ ಮಿಶ್ರಲೋಹ) ಕವಚದ್ದು ಸವಳು ನೀರಿಗೆ ಹೆಚ್ಚು ಬಾಳುತ್ತದೆ.

ಕಾಯಿಲ್ ಸರಿಯಿದ್ದೂ ನೀರು ತಡವಾಗಿ ಕಾಯುತ್ತದೆಯೇ? ಗಡಿಯಾರ ಹಿಡಿಯಿರಿ. 25 ಲೀಟರನ್ನು 20ರಿಂದ 55 ಡಿಗ್ರಿಗೆ ಒಯ್ಯಲು 2000 ವಾಟ್‌ಗೆ ಹೆಚ್ಚುಕಡಿಮೆ ಅರ್ಧ ಗಂಟೆ, ಅಂದರೆ ಒಂದು ಯೂನಿಟ್ ಬೇಕು. ಲೈನಿನಲ್ಲಿ 230ರ ಬದಲು 190 ವೋಲ್ಟ್ ಬಂದರೆ ಅದೇ ಕಾಯಿಲ್ ಸುಮಾರು 1365 ವಾಟ್ ಮಾತ್ರ ಕೊಡುತ್ತದೆ, ಮುಕ್ಕಾಲು ಗಂಟೆ ಹಿಡಿಯುತ್ತದೆ. ಅದು ಗೀಸರಿನ ತಪ್ಪಲ್ಲ. ಕಾದರೂ ಅರ್ಧ ಬಕೆಟ್ಟಿಗೇ ತಣ್ಣೀರು ಬರತೊಡಗಿದರೆ ತಳದಲ್ಲಿ ಸುಣ್ಣದ ಕೆಸರು ತುಂಬಿದೆ, ಇಲ್ಲವೇ ಮೇಲಿನ ಬಿಸಿನೀರನ್ನು ಹೊರತರುವ ಒಳಗಿನ ಉದ್ದ ಕೊಳವೆ ಮುರಿದು ತಳದ ತಣ್ಣೀರೇ ಬರುತ್ತಿದೆ.

ಥರ್ಮೋಸ್ಟಾಟ್ ಅಂಟಿಕೊಂಡರೆ ನೀರು ಕುದಿಯುವಷ್ಟು ಕಾದು, ಅತಿ ಕಾವಿಗೆ ಕರೆಂಟು ಕಡಿಯುವ ಕಟೌಟ್ ಬೀಳುತ್ತದೆ. ಕೆಂಪು ಗುಂಡಿ ಒಮ್ಮೆ ಒತ್ತಿ. ಮತ್ತೆ ಬಿದ್ದರೆ ಥರ್ಮೋಸ್ಟಾಟ್ ಬದಲಿಸಿ. ಕಟೌಟ್ ತಪ್ಪಿಸಿ "ಡೈರೆಕ್ಟ್ ಕೊಟ್ಟೀನ್ರಿ" ಎನ್ನುವ ಮೆಕ್ಯಾನಿಕ್‌ಗೆ ಕೂಲಿ ಕೊಟ್ಟು ಕಳಿಸಿ, ವೈರು ಮೊದಲಿನಂತೆ ಮಾಡಿಸಿದ ಮೇಲೆ.

ಫ್ಲ್ಯಾಂಜ್ ಬಿಚ್ಚಿದ ದಿನವೇ ಆನೋಡ್ ರಾಡನ್ನೂ ನೋಡಬೇಕು. ಇದು ಮೆಗ್ನೀಷಿಯಂ ಕಡ್ಡಿ. ಟ್ಯಾಂಕಿನ ಉಕ್ಕಿನ ಬದಲು ತಾನು ಸವೆಯುತ್ತದೆ. ಹೊಸದು ನುಣುಪಾಗಿ ಕಿರುಬೆರಳು ದಪ್ಪ ಇರುತ್ತದೆ. ಬೋರ್ ನೀರಿನಲ್ಲಿ ಎರಡು ವರ್ಷ ಕಳೆದದ್ದು ಇಲಿ ಕಡಿದ ಕಬ್ಬಿನಂತೆ ಅಲ್ಲಲ್ಲಿ ಗುಳಿಬಿದ್ದು, ಕೆಲವೆಡೆ ನಡುವಿನ ಕಬ್ಬಿಣದ ಸರಳೇ ಕಾಣುತ್ತದೆ. ದಪ್ಪ ಅರ್ಧಕ್ಕಿಳಿದಿದ್ದರೆ ಬದಲಿಸಿ. ಕೆಲವು ನೂರು ರೂಪಾಯಿಯ ಈ ಕಡ್ಡಿಯನ್ನು ಯಾರೂ ಕೇಳುವುದಿಲ್ಲ, ಕೇಳದ ಕಾರಣಕ್ಕೇ ಟ್ಯಾಂಕುಗಳು ಬೇಗ ತೂತಾಗುತ್ತವೆ. ರಾಡ್ ಪೂರ್ತಿ ಕರಗಿಹೋಗಿದ್ದು, ಬಿಸಿ ನಲ್ಲಿಯಲ್ಲಿ ಮಾತ್ರ ಕೆಂಪು ನೀರು ಬರುತ್ತಿದ್ದರೆ ಹೊಸ ಕಾಯಿಲಿಗೆ ದುಡ್ಡು ಸುರಿಯಬೇಡಿ. ಟ್ಯಾಂಕು ಸೋರದಿದ್ದರೂ ದಿನ ಎಣಿಸುತ್ತಿದೆ.

ತೊಳೆಯುವಾಗ ಸಂಡಾಸಿನ ಆ್ಯಸಿಡ್ ಹಾಕಬಾರದು, ಅದು ಸುಣ್ಣದ ಜೊತೆ ಲೋಹವನ್ನೂ ತಿನ್ನುತ್ತದೆ. ಲೀಟರ್ ಬೆಚ್ಚನೆ ನೀರಿಗೆ 50 ಗ್ರಾಂ ನಿಂಬೆ ಉಪ್ಪು (ಸಿಟ್ರಿಕ್ ಆ್ಯಸಿಡ್) ಕರಗಿಸಿ, ವೈರು ಕೂಡಿಸುವ ತುದಿ ಒದ್ದೆಯಾಗದಂತೆ ಕಾಯಿಲನ್ನು ನಾಲ್ಕು ತಾಸು ನೆನೆಯಿಡಿ. ಟ್ಯಾಂಕಿನ ಕೆಸರನ್ನು ಕೈಯಿಂದ ಅಥವಾ ಮರದ ಕಡ್ಡಿಯಿಂದ ತೆಗೆಯಿರಿ, ಸ್ಕ್ರೂಡ್ರೈವರ್ ಗೀರಿದಲ್ಲಿ ಗಾಜಿನ ಲೇಪ ಏಳುತ್ತದೆ. ಗ್ಯಾಸ್ಕೆಟ್ ಹೊಸದನ್ನೇ ಹಾಕಿ, ಬೋಲ್ಟುಗಳನ್ನು ಎದುರುಬದುರಾಗಿ ಸ್ವಲ್ಪಸ್ವಲ್ಪ ಬಿಗಿಯಿರಿ. ಬಿಸಿ ನಲ್ಲಿಯಲ್ಲಿ ಗಾಳಿ ಹೋಗಿ ನೀರು ಒಂದೇ ಧಾರೆಯಾಗಿ ಬಂದ ಮೇಲಷ್ಟೇ ಸ್ವಿಚ್. ಖಾಲಿ ಟ್ಯಾಂಕಿನಲ್ಲಿ ಕಾಯಿಲ್ ಕೆಲವೇ ನಿಮಿಷಕ್ಕೆ ಸುಟ್ಟುಹೋಗುತ್ತದೆ.

ದುಡ್ಡಿನ ಲೆಕ್ಕಕ್ಕೆ ಬಂದರೆ: ಟ್ಯಾಂಕು ಗಟ್ಟಿ, ರಿಪೇರಿ ಖರ್ಚು ಹೊಸದರ ಬೆಲೆಯ ಮೂರನೇ ಒಂದು ಭಾಗದೊಳಗೆ ಇದ್ದರೆ ರಿಪೇರಿಯೇ ಸರಿ. ಏಳೆಂಟು ವರ್ಷ ದಾಟಿ, ಒಂದೇ ಚಳಿಗಾಲದಲ್ಲಿ ಎರಡನೇ ಸಲ ಕೆಟ್ಟು, ಖರ್ಚು ಅರ್ಧ ಬೆಲೆಗೆ ಹತ್ತಿರವಾದರೆ ಹೊಸದು ತನ್ನಿ. ಬೋರ್ ನೀರಿಗೆ ಗಾಜಿನ ಲೇಪದ, ಆನೋಡ್ ಇರುವ ಟ್ಯಾಂಕು ಕೇಳಿ. ಸ್ಟೇನ್‌ಲೆಸ್ ಎಂದರೆ ತುಕ್ಕೇ ಇಲ್ಲ ಎಂದು ಅಂಗಡಿಯವರು ಹೇಳಿದರೂ ಉಪ್ಪಿನಂಶ ಹೆಚ್ಚಿರುವ ನೀರು ಬೆಸುಗೆಯ ಗೆರೆಯಲ್ಲಿ ಸೂಜಿಮೊನೆಯಷ್ಟು ತೂತು ಕೊರೆಯಬಲ್ಲದು. ಮನೆ ಎತ್ತರದ ಬಹುಮಹಡಿ ಕಟ್ಟಡದಲ್ಲಿದ್ದರೆ ಅಥವಾ ಪ್ರೆಷರ್ ಪಂಪ್ ಇದ್ದರೆ 8 ಬಾರ್ ಒತ್ತಡ ತಾಳುವ ಮಾದರಿ ಲೇಸು. 16 ಆಂಪ್ ಸಾಕೆಟ್, 2.5 ಚದರ ಮಿಮೀ ತಾಮ್ರದ ವೈರು ಇಲ್ಲದಿದ್ದರೆ ಅದನ್ನೂ ಅಂದೇ ಮಾಡಿಸಿ.

ಹಿತ್ತಲಲ್ಲಿ ಅಜ್ಜನ ಕಾಲದ ತಾಮ್ರದ ಬಂಬ ಇರುವವರಿಗೆ ಈ ಲೆಕ್ಕವೇ ಬೇರೆ: ಮೊದಲು ಹೋಗುವುದು ಬೆಂಕಿ ತಾಗುವ ನಡುಕೊಳವೆ, ಅದನ್ನು ತಾಮ್ರದ ಕೆಲಸದವರು ಬದಲಿಸಿ ಬೆಸೆಯುತ್ತಾರೆ. ಗುಜರಿಗೆ ಹಾಕುವ ಮುನ್ನ ಒಮ್ಮೆ ಅವರಿಗೆ ತೋರಿಸಿ.

ರಿಪೇರಿಯಾಗಲಿ ಹೊಸದಾಗಲಿ, ಕೆಲಸ ಮುಗಿದ ದಿನ ಗೀಸರಿನ ಬದಿಯಲ್ಲಿ ಮಾರ್ಕರ್‌ನಿಂದ ಎರಡು ತಾರೀಖು ಬರೆಯಿರಿ: ಆನೋಡ್ ಹಾಕಿದ್ದು, ಮತ್ತೆ ಬಿಚ್ಚಿ ನೋಡಬೇಕಾದದ್ದು. ಹೊಳೆ ನೀರಾದರೆ ಎರಡು ವರ್ಷ, ಬೋರ್ ನೀರಾದರೆ ಒಂದೇ.