ದೊಡ್ಡ ಮ್ಯಾಗ್ನೆಟ್ ಕೈಕೊಟ್ಟಾಗ: ಹೀಮ್ ಪ್ರೋಟೀನ್ ಎನ್‌ಎಂಆರ್‌ನಲ್ಲಿ ನನ್ನ ಅನುಭವ

ಧಾರವಾಡದಿಂದ ಪಿಎಚ್‌ಡಿಗೆಂದು ಮುಂಬೈಗೆ ಬಂದವಳು ನಾನು. ಕುದುರೆಯ ಮಯೋಗ್ಲೋಬಿನ್ (ಸ್ನಾಯುವಿನಲ್ಲಿ ಆಮ್ಲಜನಕ ಹಿಡಿದಿಡುವ ಪ್ರೋಟೀನ್) ನನ್ನ ವಿಷಯ. ಅದನ್ನು ಎನ್‌ಎಂಆರ್‌ನಲ್ಲಿ ನೋಡುತ್ತೇನೆ: ದೊಡ್ಡ ಮ್ಯಾಗ್ನೆಟ್‌ನೊಳಗಿಟ್ಟ ಅಣುವಿನ ಪ್ರೋಟಾನ್‌ಗಳು ರೇಡಿಯೋ ತರಂಗಕ್ಕೆ ಕೊಡುವ ಉತ್ತರ ಗ್ರಾಫಿನಲ್ಲಿ (ಸ್ಪೆಕ್ಟ್ರಮ್) ಪೀಕ್‌ಗಳಾಗಿ ಕಾಣುತ್ತದೆ. ಮಯೋಗ್ಲೋಬಿನ್‌ನೊಳಗಿನ ಹೀಮ್ ಎಂಬ ಚಪ್ಪಟೆ ಉಂಗುರದಲ್ಲಿರುವ ಕಬ್ಬಿಣಕ್ಕೆ ಜೋಡಿಯಿಲ್ಲದ ಎಲೆಕ್ಟ್ರಾನ್‌ಗಳಿವೆ. ಅಕ್ಕಪಕ್ಕದ ಪ್ರೋಟಾನ್‌ಗಳ ಪೀಕ್‌ಗಳನ್ನು ಅವು ದೂರ ತಳ್ಳುತ್ತವೆ, ಜೊತೆಗೆ ಅಗಲವನ್ನೂ ಮಾಡುತ್ತವೆ. ದೂರ ಹೋದರೆ ಒಳ್ಳೆಯದೇ. ಅಗಲವಾಗುವುದೇ ತೊಂದರೆ.

ಮೊದಲ ಸ್ಪೆಕ್ಟ್ರಮ್ ತೆಗೆದದ್ದು 500 ಮೆಗಾಹರ್ಟ್ಸ್ ಮಶೀನಿನಲ್ಲಿ (ಈ ಅಂಕಿ ಹೆಚ್ಚಿದಷ್ಟೂ ಮ್ಯಾಗ್ನೆಟ್ ಬಲವಾದದ್ದು). ಹೀಮ್‌ನ ಮಿಥೈಲ್ (ಒಂದು ಕಾರ್ಬನ್, ಮೂರು ಹೈಡ್ರೋಜನ್‌ಗಳ ಗುಂಪು) ಪೀಕ್‌ಗಳು ಗುಡ್ಡಗಳ ಹಾಗೆ ಕೂತಿದ್ದವು. 800ಕ್ಕೆ ಹೋದರೆ ಸರಿಹೋಗುತ್ತದೆ ಅಂದುಕೊಂಡು ಸ್ಲಾಟ್‌ಗಾಗಿ ಕಾದೆ. ಅಲ್ಲಿ ಪೀಕ್‌ಗಳು ಇನ್ನೂ ದಪ್ಪ! ಲೆಕ್ಕ ಹಾಕಿದಾಗ ಕಾರಣ ಸಿಕ್ಕಿತು. ಪೀಕ್‌ಗಳ ನಡುವಿನ ಅಂತರ 1.6 ಪಟ್ಟು ಬೆಳೆಯುತ್ತದೆ. ಕ್ಯೂರಿ ರಿಲ್ಯಾಕ್ಸೇಶನ್‌ನಿಂದ (ಫೀಲ್ಡು ಕಬ್ಬಿಣದಲ್ಲಿ ಹುಟ್ಟಿಸುವ ಕಾಂತತೆಯಿಂದ ಪ್ರೋಟಾನ್ ಸಂಕೇತ ಬೇಗ ಆರಿಹೋಗುವುದು) ಬರುವ ಅಗಲ ಮಾತ್ರ ಫೀಲ್ಡಿನ ವರ್ಗದಂತೆ, ಸುಮಾರು 2.6 ಪಟ್ಟು.

ಅಲ್ಲಿಂದ ಮಶೀನ್ ಬಿಟ್ಟು ಸ್ಯಾಂಪಲ್ ಕಡೆ ತಿರುಗಿದೆ. ಕಬ್ಬಿಣಕ್ಕೆ ಸಯನೈಡ್ ಕಟ್ಟಿದರೆ ಜೋಡಿಯಿಲ್ಲದ ಎಲೆಕ್ಟ್ರಾನ್ ಐದರಿಂದ ಒಂದಕ್ಕೆ ಇಳಿಯುತ್ತದೆ. ಆ ಕ್ಯೂರಿ ಭಾಗ ನೂರು ಪಟ್ಟಿಗೂ ಜಾಸ್ತಿ ಕುಗ್ಗುತ್ತದೆ. ಕಂದು ದ್ರಾವಣ ಕಣ್ಣೆದುರೇ ಕೆಂಪಾಗುವುದನ್ನು ನೋಡಿದಾಗ ಆದ ಖುಷಿ ಇನ್ನೂ ನೆನಪಿದೆ. ಆದರೆ ಬಣ್ಣ ನೋಡಿ ನಂಬಬೇಡಿ. ದ್ರಾವಣ ಬೆಳಕು ಹೀರುವ ಗ್ರಾಫಿನಲ್ಲಿ 630 ನ್ಯಾನೋಮೀಟರಿನ ಉಬ್ಬು ಪೂರ್ತಿ ಹೋಗುವವರೆಗೆ ಕಾಯಬೇಕು. ಇನ್ನೊಂದು ಮಾತು, ಗಟ್ಟಿಯಾಗಿ ಹೇಳುತ್ತೇನೆ: ಸಯನೈಡ್ ಕೆಲಸ ಫ್ಯೂಮ್ ಹುಡ್‌ನೊಳಗೇ ಮಾಡಿ, ಒಬ್ಬರೇ ಮಾಡಬೇಡಿ, ಅದಕ್ಕೆ ಆಸಿಡ್ ಸೋಕಲೇಬಾರದು.

ಈ ಸಲ 27, 18 ಪಿಪಿಎಂ (ಪೀಕ್ ಎಲ್ಲಿದೆ ಎಂಬುದರ ಅಳತೆ) ಹತ್ತಿರ ಮಿಥೈಲ್‌ಗಳು ಸೂಜಿಯ ಹಾಗೆ ನಿಂತವು.

ಆಮೇಲೆ ತಾಪಮಾನವನ್ನು 25ರಿಂದ 40 ಡಿಗ್ರಿಗೆ ಏರಿಸಿದೆ. ದ್ರಾವಣದ ಸ್ನಿಗ್ಧತೆ ಕಾಲು ಭಾಗದಷ್ಟು ಇಳಿಯುತ್ತದೆ, ಪ್ರೋಟೀನ್ ಬೇಗ ಉರುಳುತ್ತದೆ, ಗೆರೆ ತೆಳ್ಳಗಾಗುತ್ತದೆ. ಒಂದರ ಮೇಲೊಂದು ಬಿದ್ದಿದ್ದ ಎರಡು ಪೀಕ್‌ಗಳು ಬಿಸಿಗೆ ಬೇರೆಬೇರೆ ವೇಗದಲ್ಲಿ ಸರಿದು ಬಿಡಿಬಿಡಿಯಾದವು. ಇದಕ್ಕೆ ಖರ್ಚೇನೂ ಇಲ್ಲ, ಅಲ್ವಾ? ಮೊದಲು ಮಾಡಬೇಕಾದದ್ದು ಇದೇ ಅಂತ ನನಗನ್ನಿಸುತ್ತದೆ.

ಮಳೆಗಾಲದ ಮುಂಬೈಯಲ್ಲಿ ಡ್ಯೂಟೀರಿಯಂ ನೀರನ್ನು (ಭಾರದ ಹೈಡ್ರೋಜನ್ ಇರುವ, ಸ್ಯಾಂಪಲ್ ಕರಗಿಸುವ ನೀರು) ಸುಮ್ನೆ ತೆರೆದಿಟ್ಟರೆ ಗಾಳಿಯ ತೇವ ಹೀರಿಕೊಳ್ಳುತ್ತದೆ, ಮಾಮೂಲಿ ನೀರಿನ ಪೀಕ್ ಬೆಳೆಯುತ್ತದೆ. ಬಾಟಲಿ ತೆರೆದ ತಕ್ಷಣ ಮುಚ್ಚಿ. ಉಳಿದ ನೀರಿನ ಪೀಕನ್ನು ಮತ್ತು ನಿಧಾನವಾಗಿ ರಿಲ್ಯಾಕ್ಸ್ ಆಗುವ (ಸಹಜ ಸ್ಥಿತಿಗೆ ಮರಳುವ) ಪೀಕ್‌ಗಳನ್ನು ಸೂಪರ್-ವೆಫ್ಟ್ ಎಂಬ ರೇಡಿಯೋ ಪಲ್ಸ್‌ಗಳ ಸಾಲಿನಿಂದ ಅಡಗಿಸಿದೆ.

ಸಯನೈಡ್ ರೂಪದ ಉತ್ತರ ಕಬ್ಬಿಣಕ್ಕೆ ನೀರು ಕಟ್ಟಿದ, ನಾನು ಮೊದಲು ಅಳೆದ ರೂಪಕ್ಕೆ ಹಾಗೇ ಒಪ್ಪುವುದಿಲ್ಲ. ಹಾಗಾಗಿ ಆ ಹಳೇ ಗುಡ್ಡಗಳನ್ನು ಈಗ 500ರಲ್ಲೇ, 40 ಡಿಗ್ರಿಯಲ್ಲಿ ಮತ್ತೆ ಅಳೆಯುತ್ತಿದ್ದೇನೆ.