ಮನೆಯಲ್ಲೇ ಕಟ್ಟುವ ವಿಮಾನ: ಶಾಕ್ ಅಬ್ಸಾರ್ಬರ್ ಬಿಡಿಭಾಗ ಹೊಂದಿಸುವುದು ಹೇಗೆ?

ಜಾವಾ, ಯೆಜ್ಡಿ ಬೈಕುಗಳನ್ನು ತಯಾರಿಸುತ್ತಿದ್ದ ಮೈಸೂರಿನ ಐಡಿಯಲ್ ಜಾವಾ ಕಾರ್ಖಾನೆ 1996ರಲ್ಲಿ ಮುಚ್ಚಿತಾದರೂ ಆ ಬೈಕುಗಳ ಕಸುಬು ಬಲ್ಲ ಮೆಕ್ಯಾನಿಕ್‌ಗಳು ಊರಿನಲ್ಲಿ ಇನ್ನೂ ಇದ್ದಾರೆ. ಹೀಗಾಗಿ ಇಲ್ಲಿ ಹಗುರ ವಿಮಾನ ಕಟ್ಟಲು ಹೊರಟವರಿಗೆ, ಲ್ಯಾಂಡಿಂಗ್ ಗೇರ್ (ಚಕ್ರಗಳನ್ನು ಹೊತ್ತ ಕಾಲುಗಳು) ಹಂತಕ್ಕೆ ಬಂದಾಗ, ಬೈಕಿನ ಶಾಕ್ ಅಬ್ಸಾರ್ಬರನ್ನೇ ಕೂರಿಸಿದರಾಯಿತಲ್ಲ ಎನ್ನಿಸುವುದು ಸಹಜ. ಕೆಲವು ಅಲ್ಟ್ರಾಲೈಟ್‌ಗಳಲ್ಲಿ, ಅಂದರೆ ಅತಿ ಹಗುರ ವಿಮಾನಗಳಲ್ಲಿ, ವಿನ್ಯಾಸಕಾರರೇ ಹಾಗೆ ಮಾಡಿರುವುದೂ ಉಂಟು. ಆದರೆ ಅವರು ಲೆಕ್ಕ ಹಾಕಿ ಮಾಡಿದ್ದಾರೆ. ಅಂಗಡಿಯ ಮೆಟ್ಟಿಲು ಹತ್ತುವ ಮೊದಲು ನಾವೂ ಆ ಲೆಕ್ಕ ಹಾಕಬೇಕು.

ಸಣ್ಣ ವಿಮಾನಗಳಿಗೆ ಅಮೆರಿಕದ ಎಫ್‌ಎಆರ್ 23 ನಿಯಮಾವಳಿಯಲ್ಲಿ ಬಹುಕಾಲ ಬಳಕೆಯಲ್ಲಿದ್ದ ಸೂತ್ರದ ಪ್ರಕಾರ, ನೆಲ ಮುಟ್ಟುವಾಗ ಕೆಳಮುಖ ವೇಗವನ್ನು ಸೆಕೆಂಡಿಗೆ 7 ಅಡಿಗಿಂತ ಕಡಿಮೆ ಹಿಡಿಯುವಂತಿಲ್ಲ, 10 ಅಡಿಗಿಂತ ಹೆಚ್ಚು ಹಿಡಿಯಬೇಕಾಗಿಯೂ ಇಲ್ಲ. 450 ಕೆ.ಜಿ. ತೂಕದ ವಿಮಾನವೊಂದು ಸೆಕೆಂಡಿಗೆ 7 ಅಡಿ, ಅಂದರೆ ಸುಮಾರು 2.13 ಮೀಟರ್ ವೇಗದಲ್ಲಿ ಇಳಿದರೆ ಅದರಲ್ಲಿರುವ ಶಕ್ತಿ ಸುಮಾರು 1,020 ಜೌಲ್. ಎರಡು ಮುಖ್ಯ ಕಾಲುಗಳಿಗೆ ಹಂಚಿದರೆ ತಲಾ 510 ಜೌಲ್. ಆ ಕ್ಷಣದಲ್ಲಿ ವಿಮಾನದ ತೂಕವನ್ನು ರೆಕ್ಕೆಗಳು ಹೊತ್ತಿವೆ ಎಂದಿಟ್ಟುಕೊಂಡು, ಶಾಕ್ ಅಬ್ಸಾರ್ಬರ್ 10 ಸೆಂಟಿಮೀಟರ್ ಕುಗ್ಗುತ್ತದೆ ಎಂದರೆ, ಅದು ಸರಾಸರಿ 5,100 ನ್ಯೂಟನ್ ಬಲವನ್ನು ತಾಳಬೇಕು. ಬರೀ ಸ್ಪ್ರಿಂಗ್ ಆದರೆ ಕೊನೆಯ ಹಂತದಲ್ಲಿ ಇದರ ಎರಡರಷ್ಟು. ಅಷ್ಟೇ ಅಲ್ಲ, ಸ್ಪ್ರಿಂಗ್ ನುಂಗಿದ ಶಕ್ತಿಯನ್ನು ಹಾಗೆಯೇ ಹಿಂದಿರುಗಿಸುವುದರಿಂದ, ಅದನ್ನು ತಡೆಯುವ ಡ್ಯಾಂಪಿಂಗ್ ಸಾಲದಿದ್ದರೆ ವಿಮಾನ ರನ್‌ವೇ ಮೇಲೆ ಪುಟಿಯುತ್ತದೆ. ಬೈಕಿನ ಭಾಗ ಈ ಎರಡು ಪ್ರಶ್ನೆಗಳಿಗೂ ಉತ್ತರಿಸಬೇಕು. ನೋಡಲು ಗಟ್ಟಿಮುಟ್ಟಾಗಿದೆ ಎಂಬುದು ಉತ್ತರವಲ್ಲ.

ಅನಂತರ ಡ್ರಾಯಿಂಗ್ ಬಿಡಿಸಿಕೊಂಡು, ನಿಮ್ಮ ವಿನ್ಯಾಸದಲ್ಲಿ ಇರುವುದು ರಬ್ಬರ್ ಎಳೆಗಳ ಬಂಜಿ ಹಗ್ಗವೋ, ರಬ್ಬರ್ ಬಿಲ್ಲೆಗಳೋ, ಎಣ್ಣೆ ಮತ್ತು ಗಾಳಿ ತುಂಬಿದ ಓಲಿಯೊ ಸ್ಟ್ರಟ್ಟೋ ಎಂಬುದನ್ನು ಖಚಿತಪಡಿಸಿಕೊಳ್ಳಿ. ರಬ್ಬರ್ ಬಿಲ್ಲೆಗಳ ವಿಷಯದಲ್ಲಿ ಹೆಚ್ಚು ಹೇಳುವುದೇನೂ ಇಲ್ಲ, ಕಿಟ್ ತಯಾರಕರಿಂದಲೇ ತರಿಸುವುದು ಲೇಸು. ತೊಡಕಿರುವುದು ಓಲಿಯೊದಲ್ಲಿ.

ಓಲಿಯೊದಲ್ಲಿ ಎಣ್ಣೆ ಸೋರದಂತೆ ತಡೆಯುವ ರಬ್ಬರ್ ಉಂಗುರಗಳಾದ ಓ-ರಿಂಗ್‌ಗಳು ಸಾಮಾನ್ಯವಾಗಿ ಇಂಚಿನ ಲೆಕ್ಕದ ಎಎಸ್568 ಅಳತೆಯವು. ಉದಾಹರಣೆಗೆ 214ನೇ ಸಂಖ್ಯೆಯ ರಿಂಗಿನ ಒಳವ್ಯಾಸ 24.99 ಮಿ.ಮೀ., ದಪ್ಪ 3.53 ಮಿ.ಮೀ. ಬೇರಿಂಗ್ ಅಂಗಡಿಯಲ್ಲಿ 25ಕ್ಕೆ 3.5ರ ರಿಂಗ್ ಕೊಟ್ಟರೆ ಅದು ತನ್ನ ತೋಡಿನಲ್ಲಿ ಕೂರುವುದೇನೋ ಹೌದು, ಆ ವ್ಯತ್ಯಾಸಕ್ಕೆ ತಲೆ ಕೆಡಿಸಿಕೊಳ್ಳಬೇಕಿಲ್ಲ. ಕೇಳಬೇಕಾದದ್ದು ರಬ್ಬರ್ ಯಾವುದು ಎಂದು. ಓಲಿಯೊಗಳಿಗೆ ಹಾಕುವ ಕೆಂಪು ಬಣ್ಣದ ಮಿಲ್-ಪಿಆರ್‌ಎಫ್-5606 ಖನಿಜ ತೈಲಕ್ಕೆ ನೈಟ್ರೈಲ್ ರಬ್ಬರ್ ಹೊಂದುತ್ತದೆ. ಕಾರಿನ ಬ್ರೇಕುಗಳಲ್ಲಿ ಬಳಸುವ ಇಪಿಡಿಎಂ ರಬ್ಬರ್ ಅದೇ ಎಣ್ಣೆಯಲ್ಲಿ ಊದಿಕೊಂಡು ಮೆತ್ತಗಾಗುತ್ತದೆ. ಎರಡೂ ಕಪ್ಪಗೇ ಇರುವುದರಿಂದ ಕಣ್ಣಳತೆಯಲ್ಲಿ ಗುರುತಿಸುವುದು ಸಾಧ್ಯವಿಲ್ಲ. ಹೀಗಾಗಿ ಡಬ್ಬದಿಂದ ಬಿಡಿಯಾಗಿ ಆರಿಸಿಕೊಟ್ಟ ರಿಂಗನ್ನು, ಅಂಗಡಿಯವರು ಎಷ್ಟೇ ಪರಿಚಿತರಾಗಿದ್ದರೂ, ಕೊಳ್ಳಬೇಡಿ. ರಬ್ಬರಿನ ಹೆಸರು ಮತ್ತು ತಯಾರಾದ ತ್ರೈಮಾಸಿಕ ನಮೂದಿಸಿರುವ ಮುಚ್ಚಿದ ಪೊಟ್ಟಣವನ್ನೇ ಕೇಳಿ. ನೈಟ್ರೈಲ್‌ಗೆ ಹೊಂದದ ಕಾರಣ ಡಾಟ್-3, ಡಾಟ್-4 ಬ್ರೇಕ್ ಆಯಿಲ್ ಕೂಡ ಓಲಿಯೊದೊಳಗೆ ಹೋಗಬಾರದು.

ವಿದೇಶದಿಂದ ಇಡೀ ಸ್ಟ್ರಟ್ ತರಿಸುವವರು ಅದನ್ನು ಗಾಳಿಯೊತ್ತಡವಿಲ್ಲದೆ, ಎಣ್ಣೆ ತುಂಬದೆ ಕಳುಹಿಸುವಂತೆ ಬರೆದು ತಿಳಿಸಬೇಕು. ಒತ್ತಡ ತುಂಬಿದ ಸ್ಟ್ರಟ್ ವಿಮಾನ ಸಾಗಣೆಯ ನಿಯಮಗಳಲ್ಲಿ ಅಪಾಯಕಾರಿ ಸರಕಿನ ಸಾಲಿಗೆ ಸೇರುತ್ತದೆ. ಬಳಸಿದ ಭಾಗವಾದರೆ ಅಮೆರಿಕದ ವಿಮಾನಯಾನ ನಿಯಂತ್ರಕ ಎಫ್‌ಎಎಯ 8130-3, ಯುರೋಪಿನ ಇಎಎಸ್‌ಎಯ ಫಾರ್ಮ್ 1 ಅಥವಾ ನಮ್ಮ ಡಿಜಿಸಿಎ ವ್ಯವಸ್ಥೆಯ ಸಿಎ ಫಾರ್ಮ್ 1ರಂತಹ ಪ್ರಮಾಣಪತ್ರವನ್ನು ಕೇಳಿ ಪಡೆಯಿರಿ. ಕಾಗದವಿಲ್ಲದ ಅಗ್ಗದ ಮಾಲು, ಮುಂದೆ ತಪಾಸಣೆಯ ವೇಳೆ ದುಬಾರಿಯಾಗುತ್ತದೆ.

ಬುಷ್, ಪಿನ್, ಸ್ಪೇಸರ್‌ಗಳನ್ನು ಮಾತ್ರ ಹೊರಗಿನಿಂದ ತರಿಸುವ ಅಗತ್ಯವಿಲ್ಲ. ಹೆಬ್ಬಾಳ, ಮೇಟಗಳ್ಳಿ ಕೈಗಾರಿಕಾ ಪ್ರದೇಶಗಳ ಲೇತ್ ವರ್ಕ್‌ಶಾಪ್‌ಗಳಲ್ಲಿ ಇವನ್ನು ಚೊಕ್ಕವಾಗಿ ಮಾಡಿಸಬಹುದು. ಲೋಹವನ್ನು ಮಾತ್ರ ಪರೀಕ್ಷಾ ಪ್ರಮಾಣಪತ್ರದೊಂದಿಗೆ ನೀವೇ ಕೊಂಡು ಒದಗಿಸಿ, ಡ್ರಾಯಿಂಗಿನಲ್ಲಿ ಟಾಲರೆನ್ಸ್ (ಅಳತೆಯಲ್ಲಿ ಎಷ್ಟು ವ್ಯತ್ಯಾಸ ನಡೆಯುತ್ತದೆ ಎಂಬುದು) ಬರೆದುಕೊಡಿ. ‘ಟೈಟಾಗಿರಲಿ’ ಎಂದರೆ ಒಬ್ಬೊಬ್ಬ ಟರ್ನರ್‌ಗೂ ಒಂದೊಂದು ಅರ್ಥ. ಹೆಚ್ಚು ಬಲದ ಉಕ್ಕಿನ ರಾಡಿಗೆ ಹಾರ್ಡ್ ಕ್ರೋಮ್ ಲೇಪನ ಮಾಡಿಸುವುದಾದರೆ, ಲೇಪನವಾದ ಕೆಲವೇ ಗಂಟೆಗಳೊಳಗೆ ಸುಮಾರು 190 ಡಿಗ್ರಿ ಸೆಲ್ಸಿಯಸ್‌ನಲ್ಲಿ ಅದನ್ನು ಗಂಟೆಗಟ್ಟಲೆ ಕಾಯಿಸಬೇಕು. ಇಲ್ಲವಾದರೆ ಲೇಪನದ ವೇಳೆ ಉಕ್ಕಿನೊಳಕ್ಕೆ ಸೇರಿದ ಹೈಡ್ರೋಜನ್‌ನಿಂದಾಗಿ ರಾಡು ಯಾವ ಮುನ್ಸೂಚನೆಯನ್ನೂ ಕೊಡದೆ ಮುರಿಯಬಹುದು. ಪ್ಲೇಟಿಂಗ್ ಮಾಡುವವರಲ್ಲಿ ಈ ವ್ಯವಸ್ಥೆ ಇಲ್ಲವೆಂದಾದರೆ ಆ ಕೆಲಸ ಕೊಡಲೇಬೇಡಿ.

ಬಂಜಿ ಹಗ್ಗಕ್ಕೆ ವಯಸ್ಸೇ ಮುಖ್ಯ. ಅಮೆರಿಕದ ಸೇನಾ ಮಾನದಂಡದ ಹಗ್ಗದ ಹತ್ತಿ ಹೊದಿಕೆಯಲ್ಲಿ ಬಣ್ಣದ ಎಳೆಗಳನ್ನು ನೇಯ್ದಿರುತ್ತಾರೆ: ಎರಡು ಎಳೆ ತಯಾರಾದ ವರ್ಷಕ್ಕೆ, ಒಂದು ಎಳೆ ತ್ರೈಮಾಸಿಕಕ್ಕೆ. 4 ಅಥವಾ 9ರಲ್ಲಿ ಕೊನೆಗೊಳ್ಳುವ ವರ್ಷಕ್ಕೆ ಹಳದಿ, 0 ಅಥವಾ 5ಕ್ಕೆ ಕಪ್ಪು. ತ್ರೈಮಾಸಿಕದ ಎಳೆ ಕೆಂಪಾದರೆ ಜನವರಿಯಿಂದ ಮಾರ್ಚ್, ನೀಲಿಯಾದರೆ ಏಪ್ರಿಲ್‌ನಿಂದ ಜೂನ್. ವರ್ಷದ ಬಣ್ಣಗಳು ಐದು ವರ್ಷಕ್ಕೊಮ್ಮೆ ಮರಳುವುದರಿಂದ ಬಿಲ್ಲಿನ ಮೇಲಿನ ತಾರೀಕನ್ನೂ ತಾಳೆ ನೋಡಬೇಕು. ತಂದ ಹಗ್ಗವನ್ನು ಕತ್ತಲೆಯ ತಂಪು ಜಾಗದಲ್ಲಿಡಿ. ಓಡುವ ಮೋಟಾರಿನಿಂದ ಹೊಮ್ಮುವ ಓಜೋನ್ ರಬ್ಬರನ್ನು ಬಿರಿಸುವುದರಿಂದ ಪಂಪ್‌ಸೆಟ್ಟಿನ ಕೋಣೆ ಇದಕ್ಕೆ ತಕ್ಕುದಲ್ಲ.

ಎಲ್ಲವೂ ಕೂಡಿದ ಮೇಲೆ ಡ್ರಾಪ್ ಟೆಸ್ಟ್, ಅಂದರೆ ತೂಕ ಹೇರಿದ ಗೇರನ್ನು ಎತ್ತರದಿಂದ ಬಿಟ್ಟು ನೋಡುವ ಪರೀಕ್ಷೆ. ಸೆಕೆಂಡಿಗೆ 7 ಅಡಿ ವೇಗ ಬರಲು ಸುಮಾರು 23 ಸೆಂಟಿಮೀಟರ್ ಎತ್ತರದಿಂದ ಬಿಟ್ಟರೆ ಸಾಕು. ಇಲ್ಲಿ ರೆಕ್ಕೆಗಳ ಲಿಫ್ಟ್ ಇರುವುದಿಲ್ಲವಾದ್ದರಿಂದ ಹೇರುವ ತೂಕವನ್ನು ಎಷ್ಟು ತಗ್ಗಿಸಬೇಕೆಂಬುದಕ್ಕೆ ಎಫ್‌ಎಆರ್ 23ರ ಅದೇ ಹಳೆಯ ನಿಯಮಾವಳಿಯಲ್ಲಿ ಸೂತ್ರವಿತ್ತು. ಮೊದಲು ಕಡಿಮೆ ಎತ್ತರದಿಂದ ಬಿಟ್ಟು ನೋಡಿ, ಪ್ರತಿ ಸಲವೂ ರಾಡು ಎಷ್ಟು ಒಳಹೋಯಿತೆಂದು ಅಳೆಯಿರಿ, ಸೀಲಿನ ಬಳಿ ಎಣ್ಣೆ ಜಿನುಗಿದೆಯೇ, ಬೋಲ್ಟಿನ ರಂಧ್ರ ಅಗಲವಾಗಿದೆಯೇ ಎಂದು ಪರಿಶೀಲಿಸಿ. ಆ ಅಳತೆಗಳನ್ನು ಬಿಲ್ಲು, ಪ್ರಮಾಣಪತ್ರಗಳ ಜೊತೆಗೆ ನಿರ್ಮಾಣದ ದಾಖಲೆ ಪುಸ್ತಕದಲ್ಲಿ ಲಗತ್ತಿಸಿ.